ಡಾಕ್ಟರಮ್ಮ ಬರೆದ ಲಗ್ನಪತ್ರಿಕೆ

ನನ್ನ ಬಲಗೈ ನಡುಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಒಂದು ಕಪ್ಪು ಕಲೆ ಇದೆ. ಹುಟ್ಟಿನಿಂದ ಬಂದದ್ದಲ್ಲ, ನಲವತ್ತನೇ ವಯಸ್ಸಿಗೆ ಬಂದದ್ದು. ಸೋಪು, ನಿಂಬೆಹಣ್ಣು, ಸ್ಪಿರಿಟ್ಟು ಯಾವುದಕ್ಕೂ ಅದು ಜಗ್ಗುವುದಿಲ್ಲ. ಹಳೆಯದು ಮಾಸುತ್ತಿದೆ ಅನ್ನುವಷ್ಟರಲ್ಲಿ ಅದರ ಮೇಲೆ ಹೊಸದು ಕೂತಿರುತ್ತದೆ. ನಾನು ಹಲ್ಲಿನ ಡಾಕ್ಟರು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಇಪ್ಪತ್ತಾರು ವರ್ಷದಿಂದ ಊರವರ ಬಾಯಿ ತೆಗೆಸುತ್ತ ಬಂದವಳು. ಗ್ಲೌಸ್ ಹಾಕಿಕೊಳ್ಳುವ ಮೊದಲು ಈ ಬೆರಳು ಕಣ್ಣಿಗೆ ಬಿದ್ದರೆ ಸಾಕು, ಬಂದವರು ಬಾಯಿ ತೆಗೆಯಲು ಹಿಂದೆಮುಂದೆ ನೋಡುತ್ತಾರೆ.

ಮೊನ್ನೆ ಲೋಕಿಕೆರೆಯಿಂದ ಬಂದಿದ್ದ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಒರಗಿಕೊಂಡವರು ಥಟ್ಟನೆ ಎದ್ದು ಕೂತರು.

"ಡಾಕ್ಟ್ರಮ್ಮಾರೆ, ಬೆರಳಿಗೆ ಏನಾಗೈತ್ರಿ ಅದು?"

"ಏನಿಲ್ಲಮ್ಮ, ಇಂಕು. ಅಕ್ಷರ ಬರೆಯೋದು ರೂಢಿ ಮಾಡ್ಕೊಂಡೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಡಾಕ್ಟ್ರಾಗಿ ಇಷ್ಟು ವರ್ಷ ಆತು, ಇನ್ನಾ ಅಕ್ಷರ ಕಲಿತೀರೇನ್ರಿ?"

ನನ್ನ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವ ನಾಗವೇಣಿ ಗೋಡೆ ಕಡೆ ತಿರುಗಿಕೊಂಡು ನಕ್ಕಳು. ನಾನೂ ನಕ್ಕೆ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ? ಹನ್ನೆರಡು ವರ್ಷದಿಂದ ಕಲಿಯುತ್ತಲೇ ಇದ್ದೇನೆ.

ಇದು ಶುರುವಾದದ್ದು ಅವಮಾನದಿಂದ. ನಮ್ಮ ಕ್ಲಿನಿಕ್ಕಿನ ಕೆಳಗೆ ಒಂದು ಔಷಧಿ ಅಂಗಡಿ ಇದೆ. ಒಂದು ದಿನ ಅಂಗಡಿಯವರು ಫೋನು ಮಾಡಿ, ಬಹಳ ಮರ್ಯಾದೆಯಿಂದ, "ಮೇಡಂ, ಚೀಟಿಯಲ್ಲಿ ಕೊನೇದು ಮಾತ್ರೆ ಹೆಸರೋ ನಿಮ್ಮ ಸಹಿಯೋ ಗೊತ್ತಾಗ್ಲಿಲ್ಲ" ಅಂದರು. ಚೀಟಿ ತರಿಸಿ ನೋಡಿದೆ. ನನಗೂ ಗೊತ್ತಾಗಲಿಲ್ಲ. ಡಾಕ್ಟರುಗಳ ಅಕ್ಷರದ ಬಗ್ಗೆ ಊರೆಲ್ಲ ಆಡಿಕೊಳ್ಳುವಾಗ ನಾನು ಜೊತೆಗೆ ನಗುತ್ತಿದ್ದವಳು. ಅವತ್ತು ನಗು ಬರಲಿಲ್ಲ. ಸಂಜೆ ಹೋಗಿ ಎರಡು ಗೆರೆಯ ಕಾಪಿ ಪುಸ್ತಕ ತಂದೆ. ಅಂಗಡಿಯವನು "ಮಗು ಯಾವ ಕ್ಲಾಸ್ ಮೇಡಂ?" ಎಂದ. "ಒಂದನೇ ಕ್ಲಾಸು" ಎಂದು ಹೇಳಿ ಬಂದೆ. ಸುಳ್ಳೇನೂ ಅಲ್ಲವಲ್ಲ.

ಕಾಪಿ ಪುಸ್ತಕದಿಂದ ಅಗಲ ಮೂತಿಯ ನಿಬ್ಬಿಗೆ, ನಿಬ್ಬಿನಿಂದ ಬಾಟಲಿ ಇಂಕಿಗೆ, ಇಂಕಿನಿಂದ ದಪ್ಪ ಹಾಳೆಗೆ ಹೇಗೆ ಜಾರಿದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಕ್ಲಿನಿಕ್ ಮುಚ್ಚಿರುತ್ತದೆ. ದಾವಣಗೆರೆಯ ಬಿಸಿಲಿನಲ್ಲಿ ಆ ಹೊತ್ತಿಗೆ ಹಲ್ಲುನೋವು ಕೂಡ ಮಲಗಿರುತ್ತದೆ. ಮಿಕ್ಕವರು ಫ್ಯಾನಿನ ಕೆಳಗೆ ಗೊರಕೆ ಹೊಡೆಯುವಾಗ ನಾನು ಮಹಡಿಯ ಮನೆಯಲ್ಲಿ ಫ್ಯಾನು ಆರಿಸಿ (ಹಾಳೆ ಹಾರುತ್ತದಲ್ಲ!) ಬೆವರು ಒರೆಸಿಕೊಳ್ಳುತ್ತ 'ಅ' ಬರೆಯುತ್ತಿದ್ದೆ. ಮೂರು ತಿಂಗಳು ಬರೀ 'ಅ'. ನನ್ನ ಜೊತೆ ಇರುವ ಅವ್ವ ನೀರು ಕುಡಿಯಲು ಎದ್ದು ಬಂದು, ಇಣುಕಿ ನೋಡಿ, "ಇನ್ನಾ 'ಅ' ದಾಟಿ 'ಆ' ಆಗ್ಲಿಲ್ಲೇನೇ? ನಿನ್ನ ಇಸ್ಕೂಲಿಗೆ ಹಾಕಿದ್ದು ದಂಡ ಆತು ನೋಡು" ಎಂದು ಹೋಗಿ ಮಲಗುತ್ತಿದ್ದಳು.

ಕಲಿತದ್ದೆಲ್ಲ ಎಡವಿ ಕಲಿತದ್ದೇ. ಇಂಗ್ಲಿಷಿನವರ ವಿಡಿಯೊ ನೋಡಿ, ಅವರು ಹೇಳಿದ ಅಳತೆಗೇ ಗೆರೆ ಹೊಡೆದುಕೊಂಡು ಒಂದು ವಚನ ಬರೆದೆ. ಅವರ ಅಕ್ಷರಗಳಿಗೆ ಒತ್ತು ಎಲ್ಲಿಂದ ಬರಬೇಕು? ಮೇಲಿನ ಸಾಲಿನಿಂದ ಇಳಿದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದಿ, ಇಡೀ ಹಾಳೆ ಸಂತೆ ದಿನದ ಬಸ್ಸಿನ ಹಾಗೆ ಕಂಡಿತು. ನಮ್ಮ ಲಿಪಿಗೆ ತಲೆಗಿಂತ ಕಾಲಿಗೆ ಜಾಗ ಹೆಚ್ಚು ಬೇಕು ಅನ್ನುವುದು ತಿಳಿಯಲು ನನಗೆ ಒಂದು ರೀಮು ಹಾಳೆ ಹಿಡಿಯಿತು.

ಆದರೂ ಕೈ ಬೇಗ ಹದಕ್ಕೆ ಬಂತು, ಅದನ್ನು ಹೇಳಿಕೊಳ್ಳುತ್ತೇನೆ. ಜಂಬ ಅಂದರೆ ಜಂಬ ಅನ್ನಿ. ಡೆಂಟಲ್ ಕಾಲೇಜಿನ ಮೊದಲ ವರ್ಷದಲ್ಲಿ ನಮ್ಮಿಂದ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ. ದವಡೆ ಹಲ್ಲಿನ ಒಂದೊಂದು ಗುಂಡಿ, ಒಂದೊಂದು ಏಣು ಹಾಗೇ ಬರಬೇಕು. ನನ್ನದು ಸೊಗಸಾಗಿ ಬರುತ್ತಿತ್ತು; ಗೆಳತಿಯರ ಪಾಲಿನ ಹಲ್ಲುಗಳನ್ನೂ ನಾನೇ ಕೆತ್ತಿ ಕೊಟ್ಟಿದ್ದೇನೆ, ಅವರೆಲ್ಲ ಈಗ ದೊಡ್ಡ ದೊಡ್ಡ ಡಾಕ್ಟರುಗಳು. ಹಲ್ಲಿನ ಉಪಕರಣವನ್ನು ನಾವು ಹಿಡಿಯುವುದೂ ಹೆಚ್ಚುಕಡಿಮೆ ಪೆನ್ನು ಹಿಡಿದಂತೆಯೇ. ಕಿರುಬೆರಳ ಪಕ್ಕದ ಬೆರಳನ್ನು ಗಟ್ಟಿ ಜಾಗದಲ್ಲಿ ಊರಬೇಕು, ಮಣಿಕಟ್ಟು ತಿರುಗಬೇಕು. ಇಷ್ಟು ವರ್ಷ ಅಲುಗಾಡುವ ನಾಲಿಗೆಯ ಪಕ್ಕದಲ್ಲಿ ದುಡಿದ ಕೈಗೆ ಅಲುಗಾಡದ ಹಾಳೆ ಯಾವ ಲೆಕ್ಕ?

ಇನ್ನೂ ಹಿಂದೆ ಹೋದರೆ ಹುಸೇನ್ ಸಾಬರು ನೆನಪಾಗುತ್ತಾರೆ. ಅಪ್ಪನಿಗೆ ಹಳೇ ಊರಿನಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು ಇತ್ತು. ಸಾಬರು ಅಲ್ಲಿ ಮೂಟೆಗಳ ಮೇಲೆ ಊರ ಹೆಸರು ಬರೆಯುವವರು. ಬೇವಿನ ಕಡ್ಡಿಯ ತುದಿ ಜಜ್ಜಿ ನಾರು ಮಾಡಿಕೊಂಡು, ಡಬ್ಬಿಯ ಕಪ್ಪಿಗೆ ಅದ್ದಿ, ಗೋಣಿಯ ಒರಟು ನೇಯ್ಗೆಯ ಮೇಲೆ 'ಹರಿಹರ' ಎಂದು ಬರೆದರೆ, ಎರಡು 'ಹ'ಗಳೂ ಜೋಡೆತ್ತುಗಳಂತೆ ಒಂದೇ ಸಮ ನಿಲ್ಲುತ್ತಿದ್ದವು. ಶಾಲೆ ಬಿಟ್ಟವಳು ಮನೆಗೆ ಹೋಗದೆ ಅಲ್ಲೇ ಮೂಟೆಯ ಮೇಲೆ ಕೂತು ನೋಡುತ್ತಿದ್ದೆ. "ಸಾಬ್ರೆ, ಹೊತ್ಕೊಂಡು ಹೋಗೋ ಮೂಟಿಗೆ ಇಷ್ಟ್ಯಾಕೆ ಚಂದ ಬರೀತೀರಿ?" ಎಂದು ಕೇಳಿದ್ದೆ. "ಎಲ್ಲಿಗೆ ಹೊಂಟೀನಿ ಅಂತ ಮೂಟಿಗೂ ಖುಷಿ ಆಗ್ಬೇಕಲ್ಲ ಬೇಟಾ" ಅಂದಿದ್ದರು. ಇದಕ್ಕಿಂತ ಒಳ್ಳೆಯ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹರಿಹರ ಎಂದ ಕೂಡಲೇ ಇನ್ನೊಂದು ಮಾತು. ಭಾನುವಾರ ಬಿಡುವಾದರೆ ಸ್ಕೂಟರ್ ಹತ್ತಿ ಅಲ್ಲಿಯ ಹರಿಹರೇಶ್ವರನ ಗುಡಿಗೆ ಹೋಗುತ್ತೇನೆ. ದೇವರಿಗಾಗಿ ಅಲ್ಲ, ಶಿಲಾಶಾಸನಗಳಿಗಾಗಿ. ಆಳೆತ್ತರದ ಕಲ್ಲುಗಳ ಮೇಲೆ ಸಾಲುಸಾಲು ಹಳಗನ್ನಡದ ಅಕ್ಷರ. ನನಗೆ ಅವುಗಳಲ್ಲಿ ಅರ್ಧಕ್ಕರ್ಧ ಓದಲು ಬರುವುದಿಲ್ಲ. ಓದಲು ಬಾರದಿದ್ದರೇನು, ಆ ತಿರುವುಗಳನ್ನು ಬೆರಳಿನಿಂದ ಗಾಳಿಯಲ್ಲೇ ತಿದ್ದುತ್ತ ನಿಂತರೆ ಗಂಟೆ ಹೋದದ್ದು ತಿಳಿಯುವುದಿಲ್ಲ. ಹೀಗೆ ಗಾಳಿಯಲ್ಲಿ ಕೈಯಾಡಿಸುತ್ತಿದ್ದಾಗ ಒಬ್ಬಾಕೆ ಹತ್ತಿರ ಬಂದು, "ನಂಗೂ ಒಂದು ದೃಷ್ಟಿ ತೆಗೀರಿ ಅಮ್ಮಾ" ಎಂದು ತಲೆಬಾಗಿ ನಿಂತಿದ್ದರು. ಏನು ಮಾಡಲಿ, ತೆಗೆದೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಯಾಕೆಂದರೆ ನನ್ನ ಅಣ್ಣನ ಮಗಳು ಚಂದನಾಳ ಲಗ್ನಪತ್ರಿಕೆಯ ಸಂಗತಿ ಹೇಳಬೇಕಿತ್ತು. ಅಚ್ಚು ಹಾಕಿಸಿ ಊರಿಗೆಲ್ಲ ಹಂಚುವ ಕರೆಯೋಲೆಯಲ್ಲ; ಮುಹೂರ್ತ, ಹೆಸರುಗಳನ್ನು ಕೈಯಲ್ಲಿ ಬರೆದು ದೇವರ ಮುಂದೆ ಇಡುವ ಒಂದೇ ಹಾಳೆ.

ನಾನು ಮದುವೆಯಾದವಳಲ್ಲ. ಯಾಕೆ ಆಗಲಿಲ್ಲ ಎಂದು ಕೇಳಬೇಡಿ. ಕೇಳುವವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ. ನನಗೆ ಅದರ ದುಃಖವೂ ಇಲ್ಲ. ಆದರೆ ಮದುವೆ ಮನೆಯಲ್ಲಿ ಮದುವೆಯಾಗದ ಸೋದರತ್ತೆಗೆ ಒಂದು ಕೆಲಸ ಹುಡುಕುವುದು ನಮ್ಮವರಿಗೆ ಬಲು ಕಷ್ಟ. ಆರತಿ ಹಿಡಿಯಲು ಮುತ್ತೈದೆಯರು ಬೇಕು, ಅಕ್ಕಿ ತುಂಬಲು ಮುತ್ತೈದೆಯರು ಬೇಕು, ಅರಿಶಿಣ ಹಚ್ಚಲು ಅವರೇ ಬೇಕು. ನನ್ನ ಪಾಲಿಗೆ ಬರುವುದು ಒಡವೆಯ ಬ್ಯಾಗು. "ಗಿರಿಜಕ್ಕ ನಂಬಿಗಸ್ತಳು" ಎಂದು ಹೊಗಳಿ, ಒಂದು ರೂಮಿನಲ್ಲಿ ಬ್ಯಾಗಿನ ಜೊತೆ ಕೂರಿಸಿ, ಊಟ ಅಲ್ಲಿಗೇ ಕಳಿಸುತ್ತಾರೆ. ನಮ್ಮ ವಂಶದ ಎಷ್ಟು ಮಾಂಗಲ್ಯಧಾರಣೆಗಳನ್ನು ನಾನು ಬರೀ ವಾಲಗದ ಸದ್ದಿನಲ್ಲಿ ನೋಡಿದ್ದೇನೋ! ನಗುತ್ತ ಹೇಳುತ್ತಿದ್ದೇನೆ, ಆದರೆ ಒಳಗೆ ಚುಚ್ಚುತ್ತಿತ್ತು.

ಹರಿಹರದ ಹುಡುಗ ಗೊತ್ತಾದ ವಾರವೇ ಚಂದನಾ ಎಸ್.ಎಸ್. ಬಡಾವಣೆಯ ತನ್ನ ಮನೆಯಿಂದ ನೇರವಾಗಿ ನನ್ನ ಮಹಡಿಗೆ ಬಂದಳು. "ಅತ್ತೆ, ನನ್ನ ಲಗ್ನಪತ್ರಿಕೆ ನೀನೇ ಬರೀಬೇಕು. ಬೇರೆ ಯಾರು ಬರೆದ್ರೂ ನಾ ಒಪ್ಪಲ್ಲ."

ಅವ್ವ ಅಲ್ಲೇ ಹೂ ಕಟ್ಟುತ್ತಿದ್ದಳು. "ಅದನ್ನ ಬರೆಯೋಕೆ ಅಯ್ಯನೋರು ಇಲ್ಲೇನೇ? ಹೆಣ್ಮಕ್ಳು ಲಗ್ನಪತ್ರಿಕೆ ಬರೆದಿದ್ದು ಎಲ್ಲೈತೆ? ಅದರಾಗೂ..." ಎಂದವಳು ನನ್ನ ಮುಖ ನೋಡಿ ದಾರ ಕಚ್ಚಿದಳು. ಆ 'ಅದರಾಗೂ' ಅನ್ನುವುದರ ಮುಂದಿನದು ನನಗೆ ಕೇಳಿಸಿತ್ತು.

"ಬರೀತೀನಿ" ಅಂದೆ. ಒಂದು ಸಲವಾದರೂ ಆ ರೂಮಿನಿಂದ ಹೊರಗೆ ಬರಬೇಕಿತ್ತು ನನಗೆ.

ಬರೆದೆ ನೋಡಿ! ಹದಿನೈದು ಮಧ್ಯಾಹ್ನ ಹಿಡಿಯಿತು. ಕೈಯಲ್ಲಿ ತಯಾರಿಸಿದ ಕಾಗದ ತರಿಸಿದೆ. ಸೀಸದಕಡ್ಡಿಯಿಂದ ಸಣ್ಣಗೆ ಗೆರೆ ಎಳೆದೆ. ಮುಹೂರ್ತ, ವಾರ, ತಿಥಿ, ಎರಡೂ ಮನೆಗಳ ಹಿರಿಯರ ಹೆಸರು ಎಲ್ಲ ಅಣ್ಣನಿಂದ ಮೊದಲೇ ಕೇಳಿ ತಿಳಿದುಕೊಂಡೆ. ಹನ್ನೊಂದು ಹಾಳೆ ಹರಿದೆ. ಒಂದರಲ್ಲಿ ತಲೆಕಟ್ಟು ಕೂದಲೆಳೆಯಷ್ಟು ಬಾಗಿತ್ತು, ಇನ್ನೊಂದರಲ್ಲಿ ಹುಡುಗನ ಹೆಸರಿಗಿಂತ ನಮ್ಮ ಹುಡುಗಿಯ ಹೆಸರು ದೊಡ್ಡದಾಗಿತ್ತು. ಹನ್ನೆರಡನೆಯದು ಬಂದಾಗ ನಾಗವೇಣಿಯನ್ನು ಮೇಲಕ್ಕೆ ಕರೆದು ತೋರಿಸಿದೆ. ಅವಳು ಕೈ ಒರೆಸಿಕೊಂಡು, ಮುಟ್ಟದೆ, ಬಗ್ಗಿ ನೋಡಿ, "ಅಯ್ಯ ಮೇಡಂ, ಇದನ್ನ ನೋಡಿದ್ರೆ ನಂಗೇ ಇನ್ನೊಂದ್ಸಲ ಮದುವಿ ಆಗ್ಬೇಕು ಅನಿಸ್ತೈತೆ" ಅಂದಳು. ಹಾಳೆಯನ್ನು ಸುರುಳಿ ಸುತ್ತಿ ಕೆಂಪು ದಾರ ಕಟ್ಟಿದೆ.

ಶುಕ್ರವಾರ ಬೆಳಿಗ್ಗೆ ಎರಡು ಕಾರಿನಲ್ಲಿ ಹರಿಹರಕ್ಕೆ ಹೊರಟೆವು. ಹುಡುಗನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. "ಬರ್ರಿ, ಬರ್ರಿ, ಕೂಡ್ರಿ" ಆಯಿತು, ಉಪ್ಪಿಟ್ಟು ಕೇಸರಿಬಾತು ಆಯಿತು, ಯಾರ ಮನೆ ಯಾರಿಗೆ ಹೇಗೆ ಸಂಬಂಧ ಎಂದು ಬಿಡಿಸುವ ಮಾತು ಆಯಿತು. ಹುಡುಗನ ಅಜ್ಜ ಮಹಾರುದ್ರಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಎಂಬತ್ತು ದಾಟಿದವರು, ಹಣೆ ತುಂಬ ವಿಭೂತಿ. ಅವರ ಮನೆತನದ ಲಗ್ನಪತ್ರಿಕೆಗಳನ್ನೆಲ್ಲ ಬರೆಯುತ್ತಿದ್ದದ್ದು ಅವರೇ ಅಂತೆ. ಎರಡು ವರ್ಷದಿಂದ ಕೈ ಅದುರುವುದರಿಂದ ಬಿಟ್ಟಿದ್ದಾರೆ ಎಂದು ಹುಡುಗನ ತಾಯಿ ನನ್ನ ಕಿವಿಯಲ್ಲಿ ಹೇಳಿದರು. ಮಾತೆಲ್ಲ ಮುಗಿದು ಅಯ್ಯನವರು ಪಂಚಾಂಗ ತೆಗೆಯುವಾಗ ಹತ್ತು ದಾಟಿ ಐದು ನಿಮಿಷ.

ಅಣ್ಣ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ದಾರ ಬಿಚ್ಚಿ ಹಾಳೆಯನ್ನು ಅಜ್ಜನ ಮುಂದೆ ಹರಡಿದೆ.

ಪಡಸಾಲೆಯಲ್ಲಿ "ಅಬ್ಬಬ್ಬಾ" ಎದ್ದಿತು. ಮೊಬೈಲುಗಳು ಎದ್ದವು. ಹುಡುಗ ಕಿರಣ ಬಗ್ಗಿ ತನ್ನ ಹೆಸರು ನೋಡಿ ಕೆಂಪಾದ. ನನಗೆ ಎದೆ ಸೀರೆಯಲ್ಲಿ ಹಿಡಿಸದಷ್ಟಾಯಿತು. ಅಜ್ಜ ಮಾತ್ರ ತುಂಬ ಹೊತ್ತು ನೋಡಿದರು. ಬೆರಳಿನಿಂದ ಹಾಳೆಯ ಅಂಚು ಸವರಿದರು.

"ಭಾಳ ಚಂದ ಬರದೀಯವ್ವ. ನಾ ಹಿಂಗೆ ಬರಿಲಿಲ್ಲ ಒಂದಿನಾನೂ" ಅಂದರು. ಆಮೇಲೆ, "ಆದ್ರೆ ಇದು ಲಗ್ನಪತ್ರಿಕೆ ಅಲ್ಲ."

ನಾನು ಬಾಯಿ ತೆಗೆದು ಕೂತೆ. ನನ್ನ ಮುಂದೆ ಉಳಿದವರು ಕೂರುತ್ತಾರಲ್ಲ, ಹಾಗೆ.

"ಯಾಕ್ರಿ ಅಜ್ಜಾರೆ?"

"ಯಾವಾಗ ಬರದಿ?"

"ಹೋದ ವಾರ ಮುಗೀತು."

"ಹೋದ ವಾರ ಇವ್ರೆಲ್ಲ ಎಲ್ಲಿದ್ರು? ಎರಡೂ ಕಡೆ ಹಿರೇರು ಕೂತು, ಹ್ಞೂಂ ಅಂದು, ಅವ್ರ ಬಾಯಾಗಿಂದ ಬಂದದ್ದು ಅವ್ರ ಕಣ್ಮುಂದೆ ಹಾಳಿ ಮ್ಯಾಲೆ ಇಳೀಬೇಕು. ಆಗ ಅದು ಲಗ್ನಪತ್ರಿಕೆ. ಇದನ್ನ ಕಟ್ಟು ಹಾಕ್ಸಿ ಗ್ವಾಡಿಗೆ ಹಾಕ್ರಿ, ಮನಿಗೆ ಶೋಭೆ. ದೇವರ ಮುಂದೆ ಇಡೋದು ಬ್ಯಾರೆ."

ಸತ್ಯ ಹೇಳುತ್ತೇನೆ, ಆ ಕ್ಷಣ ಅಳು ಬಂತು. ಐವತ್ತೆರಡು ವರ್ಷದ ಡಾಕ್ಟರು, ಇನ್ನೊಬ್ಬರ ಪಡಸಾಲೆಯಲ್ಲಿ, ಕೈಯಲ್ಲಿ ಕೆಂಪು ದಾರ ಹಿಡಿದುಕೊಂಡು. ಇದಕ್ಕಿಂತ ಹೆಚ್ಚಾಗಿ ಅಜ್ಜನ ಮಾತು ಸರಿಯಾಗಿತ್ತು, ಅದೇ ತಾಳಲಾಗಲಿಲ್ಲ. ಚಂದವಾಗಿ ಬರಬೇಕು ಅನ್ನುವ ಹುಚ್ಚಿನಲ್ಲಿ ನಾನು ಎರಡೂ ಕಡೆಯವರ ಒಪ್ಪಿಗೆಯನ್ನು ಅವರು ಒಪ್ಪುವ ಮೊದಲೇ ಬರೆದು ಮುಗಿಸಿದ್ದೆ.

ಅತ್ತಿಗೆಯ ಅಕ್ಕ ಹಿಂದಿನಿಂದ, "ಹೋಗ್ಲಿ ಬಿಡ್ರಿ, ಅಯ್ಯನೋರೇ ಬರೀಲಿ. ಮುತ್ತೈದಿ ಆಗ್ದೋರು ಬರೆಯೋದು ಬ್ಯಾಡ ಅಂತ ದೇವ್ರಿಗೇ ಅನಿಸ್ತೇನೋ" ಅಂದಳು. ಮೆಲ್ಲಗೆ ಹೇಳಿದೆನೆಂದು ಅವಳು ಅಂದುಕೊಂಡಿದ್ದಳು. ಅಯ್ಯನವರು ಜೇಬಿನಿಂದ ಬಾಲ್‌ಪೆನ್ನು ತೆಗೆದರು.

"ಅತ್ತೆನೇ ಬರೀತಾರೆ" ಎಂದಳು ಚಂದನಾ. ತಲೆಬಗ್ಗಿಸಿ ಕೂತಿರಬೇಕಾದ ಮದುಮಗಳು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಈಗ್ಲೇ, ಇಲ್ಲೇ ಬರೀತಾರೆ."

ಎಲ್ಲರೂ ಅಜ್ಜನ ಮುಖ ನೋಡಿದರು. ಅಜ್ಜ ಗೋಡೆಯ ಗಡಿಯಾರ ನೋಡಿದರು. "ಹತ್ತೂವರಿಗೆ ರಾಹುಕಾಲ ಕೂಡ್ತೈತೆ. ಇನ್ನ ಇಪ್ಪತ್ತು ನಿಮಿಷ. ಆಗ್ತೈತೇನವ್ವ ನಿನ್ ಕೈಲಿ?"

ಹದಿನೈದು ಮಧ್ಯಾಹ್ನದ ಕೆಲಸ, ಇಪ್ಪತ್ತು ನಿಮಿಷ! ಗೆರೆಯಿಲ್ಲ, ಮೇಜಿಲ್ಲ, ಹರಿದು ಹಾಕಿ ಇನ್ನೊಂದು ಬರೆಯಲು ಹಾಳೆಯಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ಇರುವ ಒಂದು ಅಗಲ ನಿಬ್ಬಿನ ಪೆನ್ನು ಮಾತ್ರ ಇತ್ತು.

"ಆಗ್ತೈತ್ರಿ" ಅಂದೆ.

ಒಂದು ಮಣೆ ತಂದಿಟ್ಟರು. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದ ಬಿಳಿ ಹಾಳೆ ಇಟ್ಟರು. ಅರಿಶಿಣ ಇನ್ನೂ ಹಸಿ. ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಸಾಲಿಗೆ ದೇವರ ಹೆಸರು ಬರೆದೆ. ಬೆರಳು ಊರಿತು, ಮಣಿಕಟ್ಟು ತಿರುಗಿತು. ಅಯ್ಯನವರು ಸಂವತ್ಸರ, ಮಾಸ, ತಿಥಿ ಹೇಳುತ್ತ ಹೋದರು. ಅಣ್ಣ ತನ್ನ ಮಗಳ ಹೆಸರು ಹೇಳಿದ; ಸಾಲದೆಂಬಂತೆ ಇನ್ನೊಮ್ಮೆ ಬಿಡಿಸಿ ಹೇಳಿದ, ಬರೆದೆ. ಅವರ ಕಡೆಯವರು ಹುಡುಗನ ಹೆಸರು ಹೇಳಿದರು. ಒಬ್ಬೊಬ್ಬರು ಒಪ್ಪಿ ಹೇಳಿದ್ದು ಅವರ ದನಿಯ ಸಮೇತ ನನ್ನ ನಿಬ್ಬಿಗೆ ಬರುತ್ತಿತ್ತು. ಮನೆಯಲ್ಲಿ ಅಣ್ಣ ಫೋನಿನಲ್ಲಿ ಹೇಳಿದ್ದ ಅವೇ ಹೆಸರುಗಳು, ಆದರೆ ಅವತ್ತು ನಾನು ಬರೆದದ್ದು ಬರೀ ಅಕ್ಷರ. ಒತ್ತುಗಳಿಗೆ ಎಷ್ಟು ಜಾಗ ಬಿಡಬೇಕೆಂದು ಕೈಗೇ ಗೊತ್ತಿತ್ತು. ಗೆರೆ ಎಳೆಯದ ಹಾಳೆಯ ಮೇಲೆ ಹದಿನಾಲ್ಕು ಸಾಲು ನೇಗಿಲ ಸಾಲಿನಂತೆ ನೆಟ್ಟಗೆ ನಿಂತವು. ಅರಿಶಿಣದ ಹಸಿಗೆ ಒಂದು ಮೂಲೆಯಲ್ಲಿ ಇಂಕು ಸ್ವಲ್ಪ ಹರಡಿತು, ಅಷ್ಟೇ.

ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದಾಗ ಹತ್ತೂ ಇಪ್ಪತ್ತಾರು.

ಅಜ್ಜ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಮಗ ಕನ್ನಡಕ ಕೊಡಲು ಬಂದರೆ ಬೇಡವೆಂದು ಕೈಯಾಡಿಸಿದರು. ಹಾಳೆ ಅವರ ಕೈಯಲ್ಲಿ ಅದುರುತ್ತಿತ್ತು, ದನಿ ಅದುರಲಿಲ್ಲ. ಮೊದಲ ಸಾಲಿನಿಂದ ಶುರುಮಾಡಿ ಎಲ್ಲೂ ತಡವರಿಸದೆ, ಒಂದೊಂದು ಹೆಸರೂ ಮುಂದಿನ ಬೀದಿಗೆ ಕೇಳುವಂತೆ ಓದಿದರು. ಕೊನೆಗೆ ಬಂದು ನಿಂತರು. ಹಾಳೆ ತಿರುಗಿಸಿ ಬೆನ್ನು ನೋಡಿದರು.

"ಬರದೋರ ಹೆಸರೆಲ್ಲೈತೆ?"

"ಅದು ಬ್ಯಾಡ ಬಿಡ್ರಿ ಅಜ್ಜಾರೆ" ಅಂದೆ. ಹಿಂದೆ ಕೂತವಳ ಮಾತು ಕಿವಿಯಲ್ಲಿ ಇನ್ನೂ ಇತ್ತು.

"ಹೆಂಗೆ ಬ್ಯಾಡ? ನಮ್ಮ ಮನ್ಯಾಗ ಬರದೋರ ಹೆಸರಿಲ್ದ ಪತ್ರಿಕೆ ನಡೆಯಂಗಿಲ್ಲ. ಇವ್ರೆಲ್ಲ ಹ್ಞೂಂ ಅಂದಿದ್ದು ಕೇಳಿಸ್ಕೊಂಡು ಬರದಾಕಿ ನೀನು. ನಾಳೆ ಯಾರಾರ ಕೇಳಿದ್ರೆ ಮೊದ್ಲ ಸಾಕ್ಷಿ ನೀನೇ. ಬರಿ."

ಪೆನ್ನು ಮತ್ತೆ ತೆಗೆದೆ. ರೂಢಿಯ ಪ್ರಕಾರ 'ಡಾ.' ಎಂದು ಶುರು ಮಾಡುವುದರಲ್ಲಿದ್ದೆ.

"ಡಾಕ್ಟ್ರು ಅನ್ನೋದು ನಿನ್ ಬೋರ್ಡಿಗಿರ್ಲಿ" ಅಂದರು ಅಜ್ಜ. "ಹುಡುಗಿಗೆ ಏನಾಗ್ಬೇಕು, ಅದನ್ನ ಬರಿ."

ಬರೆದೆ. 'ಬರೆದವರು: ಹುಡುಗಿಯ ಸೋದರತ್ತೆ, ಗಿರಿಜಾ.'

ಅಷ್ಟು ಹೊತ್ತು ಅಷ್ಟು ಜನರ ಕಣ್ಣಿಗೆ ಹೆದರದ ಕೈ ಆ ಸಾಲಿನಲ್ಲಿ ನಡುಗಿಬಿಟ್ಟಿತು. 'ಸೋದರತ್ತೆ'ಯ ಒತ್ತು ಸೊಟ್ಟಗಾಯಿತು. 'ಗಿರಿಜಾ' ಸಾಲು ಬಿಟ್ಟು ಕೆಳಕ್ಕೆ ಜಾರಿತು. ಅಜ್ಜ ಅದನ್ನೂ ಮಿಕ್ಕವುಗಳಷ್ಟೇ ಜೋರಾಗಿ ಓದಿ, ವಿಭೂತಿ ಇಟ್ಟು, ಎಲ್ಲರ ಕೈಗೂ ದಾಟಿಸಿದರು. ಅತ್ತಿಗೆಯ ಅಕ್ಕನ ಕೈಗೂ ಹೋಯಿತು. ಅವಳೂ ಕಣ್ಣಿಗೊತ್ತಿಕೊಂಡಳು.

ಹನ್ನೆರಡು ವರ್ಷದಲ್ಲಿ ನನ್ನ ಕೈಯಿಂದ ಬಂದ ಅತಿ ಕೆಟ್ಟ ಸಾಲು ಅದು. ಹರಿಹರದ ಆ ಮನೆಯ ದೇವರ ಪೆಟ್ಟಿಗೆಯಲ್ಲಿದೆ. ಯಾರು ಎಷ್ಟು ಕೇಳಿಕೊಂಡರೂ ಅದನ್ನು ತಿದ್ದಿಕೊಡುವವಳಲ್ಲ ನಾನು.